ಆಟಿಕೆ ಅಂಗಡಿಯಿಂದ ಹೊರಟ ಯುದ್ಧವಿಮಾನ

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಅಕ್ಕನ ಮಗನ ಜೊತೆ ಹೊಸಕೋಟೆ ಆಚೆ ಒಂದು ಬತ್ತಿದ ಕೆರೆ ಅಂಗಳಕ್ಕೆ ಹೋಗಿದ್ದೆ. ಅವನಿಗೆ ರಿಮೋಟ್ ವಿಮಾನದ ಹುಚ್ಚು. ಥರ್ಮಾಕೋಲಿನಂಥ ಫೋಮ್‌ನಲ್ಲಿ ಮಾಡಿದ ಸ್ಪಿಟ್‌ಫೈರ್, ರೆಕ್ಕೆಯ ಮೇಲೆ ಬ್ರಿಟಿಷ್ ವಾಯುಪಡೆಯ ಬಣ್ಣದ ವೃತ್ತಗಳು, ಕಾಕ್‌ಪಿಟ್ ಒಳಗೆ ಹೆಬ್ಬೆರಳುದ್ದದ ಪೈಲಟ್ ಬೇರೆ! ಕುರಿ ಮೇಯಿಸಲು ಬಂದಿದ್ದ ಒಬ್ಬ ಅಜ್ಜ ಸ್ವಲ್ಪ ಹೊತ್ತು ನೋಡುತ್ತಾ ನಿಂತು, "ಏನಪ್ಪಾ ಇದು, ಡ್ರೋನಾ?" ಅಂದರು. "ಅಯ್ಯೋ ಅಲ್ಲ ತಾತ, ಇದು ಡ್ರೋನ್ ಅಲ್ಲ, ಮಾಡೆಲ್ ವಿಮಾನ" ಅಂತ ಇವನು ಸ್ವಲ್ಪ ಸಿಟ್ಟಿನಲ್ಲೇ ಹೇಳಿದ. ಹವ್ಯಾಸಿಗಳಿಗೆ ಈ ಮಾತು ಕೇಳಿದರೆ ಆಗಲ್ಲ. ಟೆಸ್ಟ್ ಕ್ರಿಕೆಟ್ ಆಡುವವರನ್ನು ಗೋಲಿ ಆಡ್ತಿದೀರಾ ಅಂದ ಹಾಗೆ.

ಆದರೆ ಮನೆಗೆ ಬರುವಾಗ ದಾರಿಯುದ್ದಕ್ಕೂ ನನಗೆ ಅನ್ನಿಸಿದ್ದು, ಅಜ್ಜ ಕೇಳಿದ್ದರಲ್ಲಿ ತಪ್ಪೇನಿದೆ? ಈ ಎರಡಕ್ಕೂ ಇರುವ ನೆಂಟಸ್ತಿಕೆ ಅವರು ಅಂದುಕೊಂಡದ್ದಕ್ಕಿಂತ ಹತ್ತಿರದ್ದು. ಅದರ ಕಥೆ ಸಿನಿಮಾ ಕಥೆಯ ಹಾಗಿದೆ, ಯಾಕೆಂದರೆ ಅದರಲ್ಲಿ ನಿಜವಾಗಿಯೂ ಸಿನಿಮಾದವರಿದ್ದಾರೆ.

ಮೊದಲು 'ಡ್ರೋನ್' ಅನ್ನುವ ಹೆಸರಿನ ವಿಷಯ. ಇಂಗ್ಲಿಷಿನಲ್ಲಿ ಡ್ರೋನ್ ಅಂದರೆ ಗಂಡು ಜೇನು. ಮೊದಲ ಮಹಾಯುದ್ಧ ಮುಗಿದ ಮೇಲೆ ಬ್ರಿಟಿಷ್ ನೌಕಾದಳಕ್ಕೆ ಒಂದು ಜಗಳ ಬಗೆಹರಿಯಬೇಕಿತ್ತು. ವಿಮಾನವೊಂದು ಹಡಗಿನ ಮೇಲೆ ಬಂದರೆ ನಮ್ಮ ಫಿರಂಗಿಗಳು ಅದನ್ನು ಹೊಡೆದು ಉರುಳಿಸಬಲ್ಲವೇ? ಉರುಳಿಸುತ್ತವೆ ಅಂತ ನೌಕಾದಳದವರು, ಆಗಲ್ಲ ಅಂತ ವಾಯುಪಡೆಯವರು. ಪರೀಕ್ಷೆ ಮಾಡೋಣ ಅಂದರೆ ಒಳಗೆ ಪೈಲಟ್ ಇರುವ ವಿಮಾನಕ್ಕೆ ಗುಂಡು ಹೊಡೆಯುವ ಹಾಗಿಲ್ಲವಲ್ಲ! ಹಾಗಾಗಿ ಪೈಲಟ್ ಇಲ್ಲದೆ ರೇಡಿಯೋದಿಂದ ನಡೆಯುವ 'ಫೇರಿ ಕ್ವೀನ್' ಅನ್ನುವ ವಿಮಾನ ಮಾಡಿದರು. 1933ರಲ್ಲಿ ಅದನ್ನು ಹಡಗುಗಳ ಮೇಲೆ ಹಾರಿಸಿದಾಗ ಎಷ್ಟು ಗುಂಡು ಹಾರಿಸಿದರೂ ಅದು ಬೀಳಲಿಲ್ಲ. ನೌಕಾದಳದ ಮುಖ ಹೇಗಾಗಿರಬೇಕು ನೀವೇ ಊಹಿಸಿ.

ಇದಾದ ಮೇಲೆ 1935ರಲ್ಲಿ ಬಂದದ್ದು ಡಿ ಹ್ಯಾವಿಲಂಡ್ ಕಂಪನಿಯ 'ಕ್ವೀನ್ ಬೀ', ಅಂದರೆ ರಾಣಿ ಜೇನು. ತರಬೇತಿಗೆ ಬಳಸುತ್ತಿದ್ದ ಟೈಗರ್ ಮಾತ್ ವಿಮಾನದ ಸಂಬಂಧಿ ಅದು. ಗುಂಡು ತಿಂದು ಬೀಳುವುದೇ ಅದರ ಕೆಲಸ. ಇಂಥವು ಸುಮಾರು 400 ತಯಾರಾದವು. ಇದನ್ನು ನೋಡಿ ಬಂದ ಅಮೆರಿಕದ ನೌಕಾದಳದವರು ತಾವೂ ಅಂಥದ್ದನ್ನು ಮಾಡಹೊರಟು, ರಾಣಿ ಜೇನಿಗೆ ಜೋಡಿಯಾಗಿ ತಮ್ಮದಕ್ಕೆ 'ಡ್ರೋನ್' ಅಂತ ಕರೆದರು. ಹೆಸರು ಅಲ್ಲಿಂದ ಅಂಟಿಕೊಂಡಿತು.

ಆದರೆ ಇವೆಲ್ಲ ದೊಡ್ಡ ವಿಮಾನಗಳು, ಒಂದೊಂದಕ್ಕೂ ಬಹಳ ಖರ್ಚು. ಗುಂಡು ಹೊಡೆಯುವುದನ್ನು ಕಲಿಯುವ ಸಾವಿರಾರು ಹುಡುಗರಿಗೆ ಇಂಥದ್ದನ್ನು ಎಲ್ಲಿಂದ ತರುವುದು? ಅದಕ್ಕೆ ಉತ್ತರ ಸಿಕ್ಕಿದ್ದು ಹಾಲಿವುಡ್‌ನ ಒಂದು ಆಟಿಕೆ ವಿಮಾನದ ಅಂಗಡಿಯಲ್ಲಿ.

ರೆಜಿನಾಲ್ಡ್ ಡೆನ್ನಿ ಅಂತ ಒಬ್ಬ ನಟ. ಹುಟ್ಟಿದ್ದು 1891ರಲ್ಲಿ, ಇಂಗ್ಲೆಂಡಿನ ರಿಚ್ಮಂಡ್‌ನಲ್ಲಿ. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ರಾಯಲ್ ಫ್ಲೈಯಿಂಗ್ ಕೋರ್‌ನಲ್ಲಿದ್ದವನು. ಆಮೇಲೆ ಅಮೆರಿಕದಲ್ಲಿ ಮೂಕಿ ಚಿತ್ರಗಳ ಹಾಸ್ಯನಾಯಕನಾಗಿ ಹೆಸರು ಮಾಡಿದ. ಹಿಚ್‌ಕಾಕ್‌ನ 'ರೆಬೆಕ್ಕಾ' ನೋಡಿದವರಿಗೆ ಅವನ ಮುಖ ನೆನಪಿರಬಹುದು, ಎಸ್ಟೇಟ್ ಮ್ಯಾನೇಜರ್ ಫ್ರಾಂಕ್ ಕ್ರಾಲಿಯ ಪಾತ್ರ. ಪಕ್ಕದ ಮನೆಯ ಹುಡುಗನೊಬ್ಬನ ಮಾಡೆಲ್ ವಿಮಾನ ಹಾರದೆ ಒದ್ದಾಡುತ್ತಿದ್ದಾಗ "ಕೊಡಿಲ್ಲಿ, ನಾನು ಸರಿಮಾಡ್ತೀನಿ" ಅಂತ ಹೋಗಿ ಅದನ್ನು ಮುರಿದು ಹಾಕಿದ, ಹೊಸದು ಮಾಡಿಕೊಡಲು ಹೊರಟವನಿಗೇ ಹುಚ್ಚು ಹತ್ತಿತು ಅಂತ ಒಂದು ಕಥೆ ಹೇಳುತ್ತಾರೆ. ನಿಜವೋ, ಸಿನಿಮಾದವರು ಕಟ್ಟಿದ್ದೋ... ಅಂತೂ 1930ರ ದಶಕದ ಮಧ್ಯದ ಹೊತ್ತಿಗೆ ಹಾಲಿವುಡ್ ಬುಲೆವಾರ್ಡ್‌ನಲ್ಲಿ ಅವನ ಮಾಡೆಲ್ ಅಂಗಡಿ ಇತ್ತು. 'ಡೆನ್ನಿಪ್ಲೇನ್' ಅನ್ನುವ ವಿಮಾನದ ಕಿಟ್, 'ಡೆನ್ನಿಮೈಟ್' ಅನ್ನುವ ಪುಟ್ಟ ಎಂಜಿನ್ ಅಲ್ಲಿ ಮಾರಾಟಕ್ಕಿದ್ದವು.

ಇಲ್ಲಿ ಆ ಕಾಲದ ಹವ್ಯಾಸದ ಬಗ್ಗೆ ಸ್ವಲ್ಪ ಹೇಳಬೇಕು. ಆಗಿನ ಮಾಡೆಲ್‌ಗಳು ಗಾಳಿಪಟಕ್ಕಿಂತ ಹೆಚ್ಚೇನಲ್ಲ. ಎಂಜಿನ್ ಚಾಲೂ ಮಾಡಿ ಬಿಟ್ಟರೆ ಅದು ಹೋದ ಕಡೆ ಹೋಗುತ್ತಿತ್ತು, ಹಿಂದೆ ಓಡಬೇಕು ಅಷ್ಟೆ. ರೇಡಿಯೋದಿಂದ ನಡೆಸುವುದು ದೊಡ್ಡ ಸಾಹಸ. ಟ್ರಾನ್ಸಿಸ್ಟರ್ ಇನ್ನೂ ಹುಟ್ಟಿರಲಿಲ್ಲ. ಗಾಜಿನ ವಾಲ್ವ್‌ಗಳು, ಅವಕ್ಕೆ ಭಾರದ ಬ್ಯಾಟರಿಗಳು, ಎಲ್ಲವನ್ನೂ ವಿಮಾನ ಹೊರಬೇಕು. ಸಾಲದ್ದಕ್ಕೆ ಹ್ಯಾಮ್ ರೇಡಿಯೋ ಪರವಾನಗಿ ಬೇರೆ ಬೇಕಿತ್ತು. ಮಿಶಿಗನ್‌ನ ವಾಲ್ಟರ್ ಮತ್ತು ವಿಲಿಯಂ ಗುಡ್ ಅನ್ನುವ ಅವಳಿ ಅಣ್ಣತಮ್ಮಂದಿರು 1937ರಲ್ಲಿ ಹಾರಿಸಿದ 'ಗಫ್' ಅನ್ನುವ ಮಾಡೆಲ್ಲಿಗೆ ಎಂಟು ಅಡಿ ರೆಕ್ಕೆ. ಅದು ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ. ನೆಲದಲ್ಲಿ ಗುಂಡಿ ಒತ್ತಿದರೆ ಮೇಲೆ ಚುಕ್ಕಾಣಿ ಒಂದು ಕಡೆ ಪೂರ್ತಿ ತಿರುಗುವುದು, ಬಿಟ್ಟರೆ ನೆಟ್ಟಗಾಗುವುದು, ಮತ್ತೆ ಒತ್ತಿದರೆ ಇನ್ನೊಂದು ಕಡೆ. ಇಂಥ ಏರ್ಪಾಡುಗಳಲ್ಲೇ ಹವ್ಯಾಸಿಗಳು ಬಹಳ ವರ್ಷ ಕಳೆದರು. ಕಳೆದ ಸಲ ಯಾವ ಕಡೆ ತಿರುಗಿಸಿದ್ದೆ ಅನ್ನೋದನ್ನು ಮರೆತರೆ ವಿಮಾನ ಮಣ್ಣುಪಾಲು!

ಡೆನ್ನಿಗೆ ಹೊಳೆದದ್ದು ಇದು. ಮಾಡೆಲ್ ವಿಮಾನವನ್ನೇ ಸ್ವಲ್ಪ ದೊಡ್ಡದು ಮಾಡಿದರೆ ಸೈನ್ಯಕ್ಕೆ ಅಗ್ಗದ ಗುರಿ ಸಿಗುತ್ತದಲ್ಲ? 1935ರಲ್ಲಿ ಮೊದಲ ಮಾದರಿಯನ್ನು ಸೈನ್ಯಕ್ಕೆ ತೋರಿಸಿದ. ಒಪ್ಪಿಗೆ ಬೇಗ ಸಿಗಲಿಲ್ಲ. ಆರ್‌ಪಿ-1, ಆರ್‌ಪಿ-2 ಅಂತ ತಿದ್ದುತ್ತಾ ಹೋಗಿ, ಕೊನೆಗೆ 1940ರಲ್ಲಿ ಆರ್‌ಪಿ-4ಕ್ಕೆ ಸೈನ್ಯ 53ರ ಆರ್ಡರ್ ಕೊಟ್ಟಿತು. 'ರೇಡಿಯೋಪ್ಲೇನ್' ಅಂತ ಕಂಪನಿ ಶುರುವಾಯಿತು. ಆಮೇಲೆ ಬಂದ ಓಕ್ಯೂ-2 ಅನ್ನುವುದು ಎಂಥದ್ದು ಅಂದರೆ, ರೆಕ್ಕೆ ಸುಮಾರು 3.7 ಮೀಟರ್, ತೂಕ 47 ಕಿಲೋ, ಒಂದು ಪುಟ್ಟ ಟೂ-ಸ್ಟ್ರೋಕ್ ಎಂಜಿನ್, ವೇಗ ಗಂಟೆಗೆ ಸುಮಾರು 137 ಕಿ.ಮೀ. ಚಾಟಿಬಿಲ್ಲಿನಂತೆ ಕವಣೆಯಿಂದ ಹಾರಿಸುವುದು, ಗುಂಡು ತಗಲದೆ ಉಳಿದರೆ ಪ್ಯಾರಾಚೂಟ್ ಬಿಚ್ಚಿ ಇಳಿಸುವುದು. ಯುದ್ಧ ಮುಗಿಯುವಷ್ಟರಲ್ಲಿ ಈ ಕುಟುಂಬದ ಸುಮಾರು 15,000 ವಿಮಾನಗಳು ತಯಾರಾಗಿದ್ದವು. ನಮ್ಮ ಹುಡುಗನ ಫೋಮ್ ಸ್ಪಿಟ್‌ಫೈರ್‌ನ ದೊಡ್ಡಪ್ಪ ಅನ್ನಿ.

ಈ ಕಾರ್ಖಾನೆಗೆ ಯುದ್ಧದ ಕೊನೆಯ ದಿನಗಳಲ್ಲಿ ಡೇವಿಡ್ ಕಾನೊವರ್ ಅನ್ನುವ ಸೈನ್ಯದ ಫೋಟೋಗ್ರಾಫರ್ ಬಂದ. ಕೆಲಸದಲ್ಲಿರುವ ಹೆಂಗಸರ ಫೋಟೋ ತೆಗೆದುಕೊಂಡು ಬಾ ಅಂತ ಕಳಿಸಿದ್ದ ಮೇಲಧಿಕಾರಿ ಕ್ಯಾಪ್ಟನ್ ರೊನಾಲ್ಡ್ ರೇಗನ್, ಹೌದು, ಮುಂದೆ ಅಮೆರಿಕದ ಅಧ್ಯಕ್ಷನಾದವನೇ. ಅಲ್ಲಿ ನಾರ್ಮಾ ಜೀನ್ ಡೌಗರ್ಟಿ ಅನ್ನುವ ಹುಡುಗಿ ಕೆಲಸ ಮಾಡುತ್ತಿದ್ದಳು. ಗಂಡ ಸಮುದ್ರದ ಮೇಲೆ ಹಡಗಿನಲ್ಲಿದ್ದ. ಡ್ರೋನ್‌ನ ಪ್ರೊಪೆಲರ್ ಹಿಡಿದು ನಕ್ಕ ಅವಳ ಫೋಟೋ ತೆಗೆದ. ಆ ಫೋಟೋಗಳಿಂದ ಮಾಡೆಲಿಂಗ್‌ಗೆ ದಾರಿಯಾಯಿತು, 1946ರಲ್ಲಿ ಸಿನಿಮಾ ಕಂಪನಿಯ ಒಪ್ಪಂದ ಸಿಕ್ಕಿತು. ಆಗ ಇಟ್ಟುಕೊಂಡ ಹೆಸರು ಮರ್ಲಿನ್ ಮನ್ರೋ!

ಈ ಕಥೆಯನ್ನು ಎಲ್ಲರೂ ಇಲ್ಲಿಗೇ ಚಪ್ಪಾಳೆ ತಟ್ಟಿ ಮುಗಿಸುತ್ತಾರೆ. ನನಗೆ ಅದಕ್ಕಿಂತ ಕಾಡುವುದು ಬೇರೆ. ಯುದ್ಧವೂ ಆಟಿಕೆಯೂ ಆ ಕಾಲದಲ್ಲಿ ಎಷ್ಟು ಹೆಣೆದುಕೊಂಡಿದ್ದವು ನೋಡಿ. 1942ರ ಮೊದಲಲ್ಲಿ ಅಮೆರಿಕದ ನೌಕಾದಳ ಶಾಲಾ ಮಕ್ಕಳನ್ನು ಕೇಳಿದ್ದು 5 ಲಕ್ಷ ಮಾಡೆಲ್ ವಿಮಾನಗಳನ್ನು. 50 ಬಗೆ, ಒಂದೊಂದೂ 10,000. ಅಳತೆ 72ರಲ್ಲಿ ಒಂದು ಪಾಲು. ಅಂದರೆ 35 ಅಡಿ ದೂರದಲ್ಲಿ ತೂಗುಹಾಕಿದ ಮಾಡೆಲ್, ಅರ್ಧ ಮೈಲಿ ದೂರದ ನಿಜವಾದ ವಿಮಾನದಷ್ಟೇ ಕಾಣುತ್ತದೆ. ಅದನ್ನು ನೋಡಿ ಸೈನಿಕರು ನಮ್ಮದು ಯಾವುದು, ವೈರಿಯದ್ದು ಯಾವುದು ಅಂತ ಗುರುತಿಸಲು ಕಲಿತರು. ಹುಡುಗರು ಕೆತ್ತಿದ ಮರದ ತುಂಡು ತಪ್ಪಾಗಿದ್ದರೆ ಎಲ್ಲೋ ಒಬ್ಬ ತನ್ನವರ ಮೇಲೇ ಗುಂಡು ಹಾರಿಸಬಹುದಿತ್ತು. ಇನ್ನೊಂದು ಕಡೆ, ಮಾಡೆಲ್ ಮಾಡುವ ಹಗುರ ಬಾಲ್ಸಾ ಮರ ಹವ್ಯಾಸಿಗಳಿಗೆ ಸಿಗದಂತಾಯಿತು. ಯಾಕೆಂದರೆ ಅದು ಯುದ್ಧಕ್ಕೆ ಬೇಕಿತ್ತು. ಬ್ರಿಟನ್ನಿನ ಮೊಸ್ಕಿಟೋ ಬಾಂಬರ್ ವಿಮಾನದ ಮೈ ಬಾಲ್ಸಾ ಮತ್ತು ತೆಳು ಪ್ಲೈವುಡ್‌ನ ಪದರಗಳಿಂದಲೇ ಆದದ್ದು. ಮಾಡೆಲ್ ಯುದ್ಧವಿಮಾನದ ಹಾಗಾಯಿತು, ಯುದ್ಧವಿಮಾನ ಮಾಡೆಲ್ಲಿನ ಹಾಗಾಯಿತು.

ನಮ್ಮ ಬೆಂಗಳೂರಿಗೂ ಈ ಕಥೆಯಲ್ಲಿ ಒಂದು ಪಾಲಿದೆ. ರಿಮೋಟ್ ವಿಮಾನದವರಿಗೆ ಬಹಳ ಇಷ್ಟವಾದ ಯುದ್ಧವಿಮಾನಗಳಲ್ಲಿ ಜರ್ಮನಿಯ ಫೋಕೆವುಲ್ಫ್ 190 ಒಂದು. ಮೆಸ್ಸರ್‌ಸ್ಮಿಟ್ 109ಕ್ಕೆ ಚಕ್ರಗಳು ಒತ್ತೊತ್ತಾಗಿ ಇರುವುದರಿಂದ ಅದು ನೆಲದ ಮೇಲೆ ಓಲಾಡುತ್ತದೆ. ನಿಜವಾದ ಪೈಲಟ್‌ಗಳು ಪಟ್ಟ ಪಾಡನ್ನೇ ಮಾಡೆಲ್‌ನವರೂ ಪಡುತ್ತಾರೆ. ಫೋಕೆವುಲ್ಫ್‌ನ ಕಾಲು ಅಗಲ, ಹಾಗಾಗಿ ಇಳಿಸುವುದು ಸುಲಭ. ಆ ಅಗಲ ಕಾಲಿನ ವಿಮಾನ ರೂಪಿಸಿದ ಕರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿನ ಎಚ್ಎಎಲ್‌ಗೆ ಬಂದು, ನಮ್ಮ ಮೊದಲ ಜೆಟ್ ಯುದ್ಧವಿಮಾನ 'ಮಾರುತ್' ರೂಪಿಸಿದರು. ಜೆಟ್ ತಯಾರಾಗುವ ಮೊದಲು 1959ರಲ್ಲಿ ಅದರದೇ ಪೂರ್ತಿ ಅಳತೆಯ ಮರದ ಗ್ಲೈಡರ್ ಮಾಡಿ, ಡಕೋಟಾ ವಿಮಾನದ ಹಿಂದೆ ಕಟ್ಟಿ ಮೇಲಕ್ಕೆ ಎಳೆದುಕೊಂಡು ಹೋಗಿ ಬಿಟ್ಟು ಪರೀಕ್ಷಿಸಿದರು. ಬೆಂಗಳೂರಿನ ಆಕಾಶದಲ್ಲಿ ಹಾರಿದ ಅತಿ ದೊಡ್ಡ 'ಮಾಡೆಲ್' ಅದೇ ಇರಬೇಕು ಅಂತ ನಾನು ತಮಾಷೆಗೆ ಅನ್ನುವುದುಂಟು. ನಿಜವಾದ ಮಾರುತ್ ಹಾರಿದ್ದು 1961ರ ಜೂನ್ 17ರಂದು. ಡೆನ್ನಿಯ ಗುರಿವಿಮಾನದ ವಂಶವೂ ಇಲ್ಲಿಗೆ ಬಂತು. ಡಿಆರ್‌ಡಿಒದ ಬೆಂಗಳೂರಿನ ಎಡಿಇ ಸಂಸ್ಥೆ ರೂಪಿಸಿದ 'ಲಕ್ಷ್ಯ' ಕೂಡ ನಮ್ಮ ಸೇನೆ ಗುಂಡು ಹೊಡೆದು ಕಲಿಯಲಿ ಅಂತ ಮಾಡಿದ ಪೈಲಟ್ ಇಲ್ಲದ ವಿಮಾನವೇ. ಹೆಸರೂ ಎಷ್ಟು ನೇರ!

ಇರಲಿ, ಅಜ್ಜನ ಪ್ರಶ್ನೆಗೆ ವಾಪಸ್ ಬರ್ತೀನಿ. ಈಚೆಗಿನ ವರ್ಷಗಳಲ್ಲಿ ಈ ನೆಂಟಸ್ತಿಕೆ ತಿರುಗುಮುರುಗಾಗಿದೆ. ಡೆನ್ನಿಯ ವಿಮಾನ ಗುಂಡು ತಿನ್ನುವುದಕ್ಕೆ ಹುಟ್ಟಿದ್ದು. ಆದರೆ 2022ರಿಂದ ಯುಕ್ರೇನಿನ ಯುದ್ಧದಲ್ಲಿ ಹವ್ಯಾಸಿಗಳ ರೇಸಿಂಗ್ ಡ್ರೋನ್‌ಗಳೇ ಸ್ಫೋಟಕ ಹೊತ್ತು ಮನುಷ್ಯರನ್ನು ಬೆನ್ನಟ್ಟುತ್ತಿರುವುದನ್ನು ಕಂಡಿದ್ದೇವೆ. ಅದರೊಳಗಿನ ಮೋಟಾರು, ಲಿಥಿಯಂ ಬ್ಯಾಟರಿ, ರಿಸೀವರ್ ಎಲ್ಲ ನಮ್ಮ ಹುಡುಗನ ಡಬ್ಬಿಯಲ್ಲಿರುವಂಥವೇ. ಇವನು ಅವನ್ನು ಜನ್ಮದಿನದ ದುಡ್ಡಿನಲ್ಲಿ ಕೊಂಡದ್ದು. ಇದನ್ನು ಅವನಿಗೆ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ನಾನು ಇದನ್ನ ಬಿಡಬೇಕಾ ಮಾಮ?" ಅಂತ ಕೇಳಿದ. ನನ್ನಲ್ಲಿ ತಟ್ಟನೆ ಉತ್ತರ ಇರಲಿಲ್ಲ.

ಆಮೇಲೆ ನಾನು ಅವನಿಗೆ ಮೇನಾರ್ಡ್ ಹಿಲ್ ಕಥೆ ಹೇಳಿದೆ. ಅಮೆರಿಕದ ಈ ಎಂಜಿನಿಯರ್‌ಗೆ ಆಗ 77 ವರ್ಷ. ಕಣ್ಣು ಹೆಚ್ಚುಕಡಿಮೆ ಕಾಣುತ್ತಿರಲಿಲ್ಲ, ಕಿವಿಯೂ ಮಂದ. ಬಾಲ್ಸಾ ಮರದಲ್ಲಿ ಕೈಯಾರೆ ಕಟ್ಟಿದ, ಇಂಧನ ಸೇರಿ ಐದು ಕಿಲೋಗಿಂತ ಕಡಿಮೆ ತೂಗುವ ಮಾಡೆಲ್ಲನ್ನು ಅಟ್ಲಾಂಟಿಕ್ ದಾಟಿಸಬೇಕು ಅಂತ ಅವನ ಹಟ. ಮೊದಲು ಕಳಿಸಿದವು ಸಮುದ್ರದ ಪಾಲಾದವು. 2003ರ ಆಗಸ್ಟ್‌ನಲ್ಲಿ ಕೆನಡಾದ ನ್ಯೂಫೌಂಡ್‌ಲೆಂಡಿನ ಕೇಪ್ ಸ್ಪಿಯರ್‌ನಿಂದ ಬಿಟ್ಟದ್ದು, ನಡುವೆ ಜಿಪಿಎಸ್ ನೋಡಿಕೊಂಡು ತಾನೇ ಹಾರಿ, 38 ಗಂಟೆ 52 ನಿಮಿಷದ ಮೇಲೆ ಐರ್ಲೆಂಡಿನ ಮ್ಯಾನಿನ್ ಕಡಲತೀರದಲ್ಲಿ ಇಳಿಯಿತು. ಸುಮಾರು 3,030 ಕಿ.ಮೀ. ಅಲ್ಲಿ ಕಾದಿದ್ದ ಗೆಳೆಯ ರೇಡಿಯೋ ಹಿಡಿದು ಮೆಲ್ಲಗೆ ಇಳಿಸಿದ. ಉಳಿದದ್ದು ತೊಟ್ಟು ಇಂಧನ. ಯಾರನ್ನೂ ಹೊಡೆಯಲಿಕ್ಕಲ್ಲ, ಯಾರಿಂದಲೂ ಹೊಡೆಸಿಕೊಳ್ಳಲಿಕ್ಕಲ್ಲ. ಆಗುತ್ತದೋ ಇಲ್ಲವೋ ನೋಡಲಿಕ್ಕೆ.

ಅದೇ ಮರ, ಅದೇ ರೇಡಿಯೋ, ಅದೇ ಪುಟ್ಟ ಎಂಜಿನ್. ಆ ಕಡೆ ಹದಿನೈದು ಸಾವಿರ ಗುರಿಗಳು, ಈ ಕಡೆ ಒಂದು ಸಮುದ್ರ ದಾಟಿದ ಹಕ್ಕಿ. ವಸ್ತುವಿನಲ್ಲಿ ವ್ಯತ್ಯಾಸವಿಲ್ಲ. ಹಾಗಂತ ಹಾರಿಸುವವನಿಗೆ ಸಂಬಂಧವೇ ಇಲ್ಲ ಅಂತಲೂ ಅಲ್ಲ. ರೆಕ್ಕೆ ಮೇಲೆ ಬಳಿದ ಆ ವೃತ್ತಗಳು ಸುಮ್ಮನೆ ಬಣ್ಣವಲ್ಲ, ಯಾರೋ ಇಪ್ಪತ್ತು ವರ್ಷದ ಹುಡುಗರು ಅವುಗಳ ಕೆಳಗೆ ಸತ್ತಿದ್ದಾರೆ ಅನ್ನುವುದು ಗೊತ್ತಿರಬೇಕು. ಗೊತ್ತಿದ್ದು ಹಾರಿಸಲಿ. "ಬಿಡಬೇಡ, ಓದ್ಕೊಂಡು ಹಾರಿಸು" ಅಂದೆ.

ಮುಂದಿನ ಭಾನುವಾರ ಅದೇ ಕೆರೆಗೆ ಹೋದಾಗ ಅಜ್ಜ ಮತ್ತೆ ಸಿಕ್ಕರು. ಈ ಸಲ ನಮ್ಮ ಹುಡುಗ ತಾನೇ ಹೋಗಿ, "ತಾತ, ನೀವು ಹೇಳಿದ್ದೂ ಒಂದು ಥರಾ ಸರಿನೇ" ಅಂತ ಶುರು ಮಾಡಿದ. ಅಜ್ಜ ಪೂರ್ತಿ ಕೇಳಿ, "ಎಲ್ಲಾ ಸರಿ, ನನ್ನ ಕುರಿ ಮೇಲೆ ಬೀಳಿಸಬೇಡ ಅಷ್ಟೆ" ಅಂದರು.