ಸಂಕಟಕಾಲದಲ್ಲಿ ಮನಸ್ಸಿನ ಆರೈಕೆ: ಪುಣೆಯ ಕನ್ನಡಿಗರು ತಿಳಿದಿರಬೇಕಾದ ಸಂಗತಿಗಳು

ಚಿತೆ ಸತ್ತವರನ್ನು ಸುಟ್ಟರೆ ಚಿಂತೆ ಬದುಕಿರುವವರನ್ನು ಸುಡುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ನಾಡಿಗೆ ಆಪತ್ತು ಒದಗಿದಾಗ ಅನ್ನ, ನೀರು, ಸೂರು, ಔಷಧಗಳ ಲೆಕ್ಕ ಬೇಗನೆ ಆಗುತ್ತದೆ. ಕುಸಿದ ಮನಸ್ಸುಗಳ ಲೆಕ್ಕ ಮಾತ್ರ ಯಾವ ಖಾತೆಗೂ ಏರುವುದಿಲ್ಲ.

ಮಹಾರಾಷ್ಟ್ರದ ಮೊದಲ ಕೋವಿಡ್ ಪ್ರಕರಣಗಳು 2020ರ ಮಾರ್ಚ್ 9ರಂದು ಪತ್ತೆಯಾದದ್ದು ನಮ್ಮ ಪುಣೆಯಲ್ಲಿಯೇ. ಆ ದಿನಗಳಲ್ಲಿ ಬ್ಯಾಂಕಿನ ಮೇಜಿನ ಈಚೆಗೆ ಕುಳಿತು ನಾವು ಕಂಡ ದೃಶ್ಯಗಳು ಇನ್ನೂ ಮಾಸಿಲ್ಲ. ಮೃತ ಪತಿಯ ಠೇವಣಿಯನ್ನು ಪಡೆಯಲು ಬಂದ ಮಹಿಳೆಯೊಬ್ಬರು, ಕಾಗದಪತ್ರಗಳೆಲ್ಲ ಸರಿಯಾಗಿದ್ದರೂ, ಸಹಿ ಹಾಕಲಾರದೆ ಮೂರು ಬಾರಿ ಹಿಂದಿರುಗಿದರು. ನಾವು ಅರ್ಜಿ ತುಂಬಿಕೊಟ್ಟೆವು. ರಾತ್ರಿ ನಿದ್ದೆ ಬರುತ್ತದೆಯೇ ಎಂದು ಕೇಳಬೇಕೆಂಬುದು ನಮಗೆ ತೋಚಲಿಲ್ಲ. ಕೇಳದೆ ಉಳಿದ ಆ ಪ್ರಶ್ನೆಯೇ ಈ ಬರಹಕ್ಕೆ ಕಾರಣ.

ಆಪತ್ತು ಮತ್ತು ಮನಸ್ಸು

ದುರಂತದ ನಂತರ ಅಳು, ಭಯ, ನಿದ್ರಾಹೀನತೆಗಳು ಸಹಜ. ಬಂಧುಮಿತ್ರರ ಆಸರೆಯಿದ್ದರೆ ಬಹುಪಾಲು ಜನ ಕ್ರಮೇಣ ಚೇತರಿಸಿಕೊಳ್ಳುತ್ತಾರೆ. ಆದರೆ ಎಲ್ಲರೂ ಅಲ್ಲ. ಯುದ್ಧ, ಸಂಘರ್ಷಗಳನ್ನು ಕಂಡ ಪ್ರದೇಶಗಳಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಮಾನಸಿಕ ತೊಂದರೆ ಇರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂದಾಜಿಸಿತು. ಕೋವಿಡ್‌ನ ಮೊದಲ ವರ್ಷದಲ್ಲಿ ಖಿನ್ನತೆ ಮತ್ತು ಆತಂಕದ ಕಾಯಿಲೆಗಳು ಜಗತ್ತಿನಾದ್ಯಂತ ಶೇ. 25ರಷ್ಟು ಹೆಚ್ಚಿದವೆಂದು ಅದೇ ಸಂಸ್ಥೆ 2022ರಲ್ಲಿ ತಿಳಿಸಿತು.

ನಮ್ಮ ಸೀಮೆಗೂ ಇದು ಹೊಸದಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶ ವಿಸರ್ಜನೆ ಮುಗಿಸಿ ಮಲಗಿದ್ದ ಕಿಲ್ಲಾರಿ ಪರಿಸರದ ಹಳ್ಳಿಗಳು ಭೂಕಂಪಕ್ಕೆ ತುತ್ತಾದವು. ಸುಮಾರು ಹತ್ತು ಸಾವಿರ ಮಂದಿ ಅಸುನೀಗಿದರು. ಉಳಿದವರ ಮಾನಸಿಕ ಆರೋಗ್ಯಕ್ಕಾಗಿ ದುಡಿದವರಲ್ಲಿ ಪುಣೆಯ ಡಾ. ಮೋಹನ್ ಆಗಾಶೆ ಪ್ರಮುಖರು. ಅವರನ್ನು ನಟರೆಂದು ಬಲ್ಲ ಅನೇಕರಿಗೆ ಅವರು ಮನೋವೈದ್ಯರೆಂಬುದು ತಿಳಿದಿರಲಾರದು.

ಕೊರತೆ ಎಷ್ಟು?

ಬೆಂಗಳೂರಿನ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಶೇ. 10.6 ಮಂದಿ ಒಂದಿಲ್ಲೊಂದು ಮಾನಸಿಕ ಕಾಯಿಲೆಯಿಂದ ಬಳಲುತ್ತಿದ್ದರು. ಬಹುತೇಕ ಕಾಯಿಲೆಗಳಲ್ಲಿ ಶೇ. 70ಕ್ಕೂ ಹೆಚ್ಚು ರೋಗಿಗಳಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ತಜ್ಞರು ವಿರಳವಾದುದರಿಂದ ಸಾಮಾನ್ಯ ವೈದ್ಯರನ್ನೇ ತರಬೇತುಗೊಳಿಸುವ ಪ್ರಯೋಗವನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಇದು ಕನ್ನಡ ನಾಡು ದೇಶಕ್ಕೆ ಕೊಟ್ಟ ಕೊಡುಗೆ.

ಪುಣೆಯಲ್ಲಿರುವ ನೆರವು

ಯೇರವಡಾದ ಸರ್ಕಾರಿ ಪ್ರಾದೇಶಿಕ ಮನೋರುಗ್ಣಾಲಯವು 2,540 ಹಾಸಿಗೆಗಳ ಸಾಮರ್ಥ್ಯದಿಂದ ದೇಶದ ಅತಿ ದೊಡ್ಡ ಮಾನಸಿಕ ಆಸ್ಪತ್ರೆಗಳಲ್ಲಿ ಒಂದೆನಿಸಿದೆ. ವ್ಯಸನಮುಕ್ತಿಗಾಗಿ ಡಾ. ಅನಿಲ್ ಅವಚಟ್ ಮತ್ತು ಡಾ. ಸುನಂದಾ ಅವಚಟ್ ದಂಪತಿಗಳು 1986ರಲ್ಲಿ ಮುಕ್ತಾಂಗಣವನ್ನು ಸ್ಥಾಪಿಸಿದರು. ಸ್ಕಿಜೋಫ್ರೇನಿಯಾ ಪೀಡಿತರಿಗೂ ಅವರ ಕುಟುಂಬಗಳಿಗೂ ನೆರವಾಗಲು ಡಾ. ಜಗನ್ನಾಥ ವಾಣಿಯವರು ಸ್ಕಿಜೋಫ್ರೇನಿಯಾ ಅವೇರ್‌ನೆಸ್ ಅಸೋಸಿಯೇಷನ್ ಆರಂಭಿಸಿದರು.

2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಸರ್ಕಾರಿ ವ್ಯವಸ್ಥೆಯಲ್ಲಿ ಚಿಕಿತ್ಸೆ ಪಡೆಯುವುದು ಈಗ ಪ್ರತಿಯೊಬ್ಬರ ಹಕ್ಕು. ರೋಗಿಯ ವಿವರಗಳನ್ನು ಗೋಪ್ಯವಾಗಿಡಬೇಕು. ದೈಹಿಕ ಕಾಯಿಲೆಗಳಂತೆಯೇ ಮಾನಸಿಕ ಕಾಯಿಲೆಗಳಿಗೂ ಆರೋಗ್ಯ ವಿಮೆ ಅನ್ವಯಿಸಬೇಕು. ಪಾಲಿಸಿಯ ಕಾಗದಗಳನ್ನು ಒಮ್ಮೆ ತೆಗೆದು ನೋಡುವುದು ಒಳಿತು.

ತಾಯ್ನುಡಿಯಲ್ಲಿ ಸಂಕಟ

ನಮ್ಮ ಮನೆಗಳಲ್ಲಿ ಇನ್ನೊಂದು ತೊಡಕುಂಟು. ಮಕ್ಕಳ ನೌಕರಿಯ ನಿಮಿತ್ತ ಇಳಿವಯಸ್ಸಿನಲ್ಲಿ ಪುಣೆಗೆ ಬಂದ ತಾಯಿಗೆ ಮರಾಠಿ ಬಾರದು. "ಎದಿ ಭಾರ ಆಗ್ಯದ, ಜೀವಕ್ಕ ಸಮಾಧಾನ ಇಲ್ಲ" ಎಂಬ ಅವಳ ಮಾತನ್ನು ವೈದ್ಯರಿಗೆ ಮಗನೇ ಅನುವಾದಿಸಬೇಕು. ಮಗ, ಸೊಸೆಯರ ಮುಂದೆ ಹೇಳಲಾಗದ ನೋವು ಹಾಗೆಯೇ ಉಳಿಯುತ್ತದೆ. ಹೃದಯದ ಪರೀಕ್ಷೆ ಆಗುತ್ತದೆ, ಎಲ್ಲವೂ ಸರಿಯಾಗಿದೆಯೆಂಬ ವರದಿ ಬರುತ್ತದೆ, ಸಂಕಟ ತಪ್ಪುವುದಿಲ್ಲ.

ಇಂಥವರಿಗೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ವರದಾನವಾಗಬಲ್ಲದು. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆಯ ಸಂಖ್ಯೆ 14416. ಇದು ಉಚಿತ, ದಿನದ 24 ಗಂಟೆಯೂ ಲಭ್ಯ. ಕನ್ನಡವೂ ಇದರ ಭಾಷೆಗಳಲ್ಲಿ ಒಂದು. ಮಂಕುತನ, ನಿರಾಸಕ್ತಿ, ನಿದ್ರೆ ಹಸಿವುಗಳ ಏರುಪೇರು ಎರಡು ವಾರ ಮೀರಿದರೆ ವೈದ್ಯರನ್ನು ಕಾಣಬೇಕು. ಬದುಕು ಬೇಡವೆಂಬ ಮಾತು ಬಂದರೆ ಒಂದು ದಿನವೂ ಕಾಯಬಾರದು. ಅವರನ್ನು ಒಂಟಿಯಾಗಿ ಬಿಡಬಾರದು.

ಪುಣೆಯಲ್ಲಿ ಯೇರವಡಾ, ನಮ್ಮ ಊರುಗಳ ಕಡೆ ಧಾರವಾಡ ಎಂದು ಹೇಳಿ ನಗುವ ಚಾಳಿ ನಮ್ಮಲ್ಲಿದೆ. ಆ ನಗೆಗೆ ಅಂಜಿಯೇ ನಮ್ಮ ಸಹೋದ್ಯೋಗಿಯೊಬ್ಬರು ವರ್ಷಗಟ್ಟಲೆ ಮಾತ್ರೆಗಳನ್ನು ಬೇರೆ ಡಬ್ಬಿಯಲ್ಲಿ ಬಚ್ಚಿಟ್ಟು ತರುತ್ತಿದ್ದರು. ತ್ರಿವೇಣಿಯವರ 'ಶರಪಂಜರ'ದ ಕಾವೇರಿ ಗುಣಮುಖಳಾಗಿ ಮನೆಗೆ ಮರಳಿದವಳೇ. ಅವಳನ್ನು ಮತ್ತೆ ಕೆಡವಿದ್ದು ಸುತ್ತಲಿನವರ ಸಂಶಯ. ಕಾದಂಬರಿ ಓದಿ, ಚಿತ್ರ ನೋಡಿ ಕಣ್ಣೀರಿಟ್ಟ ನಾವು ನೆರೆಮನೆಯ ಕಾವೇರಿಯನ್ನು ಹೇಗೆ ಕಾಣುತ್ತೇವೆ? ಮುಂದಿನ ಬಾರಿ ಯಾರಾದರೂ ನಮ್ಮೆದುರು ಮೌನವಾಗಿ ಕುಳಿತಾಗ, ಊಟವಾಯಿತೇ ಎಂಬುದರ ಜೊತೆಗೆ ನಿದ್ದೆ ಬರುತ್ತದೆಯೇ ಎಂದೂ ಕೇಳೋಣ.