ದೇಶಕ್ಕೆ ಬಣ್ಣ ಕೊಟ್ಟ ಕ್ಲಬ್

ಸ್ಕಾಟ್ಲೆಂಡ್ ಫುಟ್‌ಬಾಲ್ ತಂಡದ ಕಡುನೀಲಿ ಜೆರ್ಸಿ ನೋಡಿದ್ರೆ ಯಾರಿಗಾದ್ರೂ ಅನ್ನಿಸೋದು, ಇದು ಅವರ ಬಾವುಟದ ನೀಲಿ ಇರಬೇಕು ಅಂತ. ಆದರೆ ಅದು ಬಂದದ್ದು ಒಂದು ಕ್ಲಬ್ಬಿನಿಂದ.

1872ರ ನವೆಂಬರ್ 30. ಗ್ಲಾಸ್ಗೋ ಪಕ್ಕದ ಪಾರ್ಟಿಕ್‌ನ ಕ್ರಿಕೆಟ್ ಮೈದಾನದಲ್ಲಿ ಇಂಗ್ಲೆಂಡ್ ವಿರುದ್ಧ ಸ್ಕಾಟ್ಲೆಂಡ್. ಫುಟ್‌ಬಾಲಿನ ಮೊದಲ ಅಧಿಕೃತ ಅಂತರರಾಷ್ಟ್ರೀಯ ಪಂದ್ಯ. ಸ್ಕಾಟ್ಲೆಂಡಿನಲ್ಲಿ ಆಗಿನ್ನೂ ಫುಟ್‌ಬಾಲ್ ಸಂಸ್ಥೆಯೇ ಇರಲಿಲ್ಲ. ಹಾಗಾಗಿ ತಂಡ ಕಟ್ಟಿದ್ದು ಕ್ವೀನ್ಸ್ ಪಾರ್ಕ್ ಕ್ಲಬ್; ಹನ್ನೊಂದು ಆಟಗಾರರೂ ಅದರವರೇ. ಕ್ಲಬ್ಬಿನ ಕಡುನೀಲಿ ಅಂಗಿಯನ್ನೇ ತೊಟ್ಟು, ತಲೆಗೆ ಕೆಂಪು ಕುಲಾವಿ ಹಾಕಿಕೊಂಡು ಆಡಿದರು. ಇಂಗ್ಲೆಂಡಿನವರದು ಬಿಳಿ ಅಂಗಿ, ತಲೆಗೆ ಟೊಪ್ಪಿ. ಬೆನ್ನ ಮೇಲೆ ನಂಬರ್ ಇಲ್ಲದ ಕಾಲ. ಸುಮಾರು 4,000 ಪ್ರೇಕ್ಷಕರಿಗೆ ಬಣ್ಣವೇ ಗುರುತು. ಗೋಲು ಮಾತ್ರ ಒಂದೂ ಆಗಲಿಲ್ಲ.

ಮರುವರ್ಷ ಸ್ಕಾಟಿಷ್ ಫುಟ್‌ಬಾಲ್ ಸಂಸ್ಥೆ ಹುಟ್ಟಿತು. ದೇಶಕ್ಕೆ ನೀಲಿಯೇ ಉಳಿಯಿತು. ಕ್ವೀನ್ಸ್ ಪಾರ್ಕ್ ಅದೇ ವರ್ಷ ಕಪ್ಪು-ಬಿಳುಪು ಪಟ್ಟೆಗೆ ಬದಲಾಯಿತು, ಇವತ್ತಿಗೂ ಅದರ ಗುರುತು ಅದೇ. ರಾಷ್ಟ್ರೀಯ ತಂಡ ಆಡೋ ಹ್ಯಾಂಪ್‌ಡನ್ ಮೈದಾನವೂ 2020ರವರೆಗೆ ಈ ಕ್ಲಬ್ಬಿನ ಸ್ವತ್ತೇ ಆಗಿತ್ತು.

ಮುಖಕ್ಕೆಲ್ಲ ನೀಲಿ ಬಳಿದುಕೊಂಡು ಕೂಗೋ ಅಭಿಮಾನಿಗಳಲ್ಲಿ ಎಷ್ಟು ಜನರಿಗೆ ಇದು ಗೊತ್ತೋ! ಆ ಹನ್ನೊಂದು ಜನ ದೇಶಕ್ಕೊಂದು ಬಣ್ಣ ಹುಡುಕೋಕೆ ಹೊರಟವರಲ್ಲ. ಇದ್ದ ಅಂಗಿ ಹಾಕ್ಕೊಂಡು ಆಡೋಕೆ ಬಂದವರು.