ರೆಫರಿ ನಮ್ಮ ವಿರುದ್ಧವೇ ಇದ್ದಾರಾ? ಒಂದು ಅನುಮಾನದ ಲೆಕ್ಕಾಚಾರ

ಸೋತ ತಂಡದ ಅಭಿಮಾನಿ ರೆಫರಿಯನ್ನು ಬೈಯೋದು ಹೊಸದೇನಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನೋ ಗಾದೆ ಹೇಳಿ ಮುಂದಕ್ಕೆ ಹೋಗಬಹುದು. ಕಷ್ಟ ಏನಂದ್ರೆ, ಫುಟ್‌ಬಾಲ್‌ನಲ್ಲಿ ಕೆಲವು ಸಲ ನೆಲ ನಿಜವಾಗಿಯೂ ಡೊಂಕಾಗಿತ್ತು. ಇಟಲಿಯಲ್ಲಿ ಅದು ಸಾಬೀತಾಗಿದೆ, ಜರ್ಮನಿಯಲ್ಲಿ ಒಬ್ಬ ರೆಫರಿ ಜೈಲಿಗೇ ಹೋಗಿದ್ದಾನೆ. ಹಾಗಾಗಿ 'ರೆಫರಿ ನಮ್ಮ ವಿರುದ್ಧ ಇದ್ದಾರೆ' ಅನ್ನುವ ಮಾತು ಕೇಳಿದಾಗ ನಗೋದೂ ಸರಿಯಲ್ಲ, ಹೌದು ಹೌದು ಅಂತ ತಲೆಯಾಡಿಸೋದೂ ಸರಿಯಲ್ಲ. ಯಾವ ಅನುಮಾನಕ್ಕೆ ಎಷ್ಟು ತೂಕ ಅಂತ ಅಳೆಯೋದು ಹೇಗೆ ಅನ್ನೋದು ಈ ಲೇಖನದ ವಿಷಯ. ಒಂದು ಮಾತು ಮೊದಲೇ ಹೇಳಿಬಿಡ್ತೀನಿ: ನಾನು ಬೆಂಗಳೂರು ಎಫ್‌ಸಿ ಅಭಿಮಾನಿ. ಮುಂದೆ ಓದುವಾಗ ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಕಂಠೀರವದ ಆ ಫ್ರೀ ಕಿಕ್

ನಮ್ಮೂರಿನ ಉದಾಹರಣೆಯಿಂದಲೇ ಶುರು ಮಾಡೋಣ. 2023ರ ಮಾರ್ಚ್ 3, ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣ. ಇಂಡಿಯನ್ ಸೂಪರ್ ಲೀಗ್‌ನ ನಾಕೌಟ್ ಪಂದ್ಯ, ಎದುರಾಳಿ ಕೇರಳ ಬ್ಲಾಸ್ಟರ್ಸ್. ತೊಂಬತ್ತು ನಿಮಿಷ ಮುಗಿದರೂ ಗೋಲಿಲ್ಲ. ಹೆಚ್ಚುವರಿ ಸಮಯದ ಮೊದಲ ಭಾಗದಲ್ಲಿ ಬೆಂಗಳೂರಿಗೆ ಪೆನಾಲ್ಟಿ ಬಾಕ್ಸ್ ಹೊರಗೆ ಫ್ರೀ ಕಿಕ್ ಸಿಕ್ಕಿತು. ಕೇರಳದ ಗೋಲ್‌ಕೀಪರ್ ಪ್ರಭಸುಖನ್ ಗಿಲ್ ಇನ್ನೂ ಆಟಗಾರರ ಗೋಡೆ ಜೋಡಿಸುತ್ತಿದ್ದರು. ಅಷ್ಟರಲ್ಲಿ ಸುನಿಲ್ ಚೆಟ್ರಿ ಚೆಂಡನ್ನು ಖಾಲಿ ಗೋಲಿನೊಳಗೆ ತೇಲಿಸಿಬಿಟ್ಟರು. ರೆಫರಿ ಕ್ರಿಸ್ಟಲ್ ಜಾನ್ ಗೋಲ್ ಕೊಟ್ಟರು. ಕೇರಳದ ಕೋಚ್ ಇವಾನ್ ವುಕೊಮಾನೊವಿಚ್ ತಮ್ಮ ಹುಡುಗರನ್ನು ಮೈದಾನದಿಂದ ಹೊರಗೆ ಕರೆದುಕೊಂಡು ಹೋದರು. ತಂಡ ವಾಪಸ್ ಬರಲಿಲ್ಲ. ಬೆಂಗಳೂರು ಗೆದ್ದಿತು ಅಂತ ಘೋಷಣೆಯಾಯಿತು.

ನಿಯಮ ಏನು ಹೇಳುತ್ತೆ? ಫೌಲ್ ಮಾಡಿದ ತಂಡಕ್ಕೆ ಗೋಡೆ ಕಟ್ಟಿಕೊಳ್ಳಲು ಸಮಯ ಕೊಡಲೇಬೇಕು ಅಂತ ಎಲ್ಲೂ ಇಲ್ಲ. ಫೌಲ್ ಆದವರು ತಕ್ಷಣ ಒದೆಯಬಹುದು, ಅದೇ ಕ್ವಿಕ್ ಫ್ರೀ ಕಿಕ್. ಎದುರಾಳಿ ಅದನ್ನು ಬೇಕಂತಲೇ ತಡೆದರೆ ಹಳದಿ ಕಾರ್ಡ್ ಕೊಡಬೇಕು. ಆದರೆ ಒದೆಯುವವರು 9.15 ಮೀಟರ್ ದೂರ ಬೇಕು ಅಂತ ಕೇಳಿ, ರೆಫರಿ ಎದುರಾಳಿಗಳನ್ನು ಹಿಂದಕ್ಕೆ ಸರಿಸಲು ಶುರು ಮಾಡಿದರೆ, ಆಮೇಲೆ ವಿಷಲ್ ಊದದೆ ಒದೆಯುವ ಹಾಗಿಲ್ಲ. ಇಡೀ ಜಗಳ ನಿಂತಿರೋದು ಈ ಎರಡರ ನಡುವಿನ ಗೆರೆ ಮೇಲೆ. ವಿಷಲ್ಲೂ ಬೇಡ, ಗೋಡೆಯೂ ಬೇಡ ಅಂತ ರೆಫರಿಗೆ ಹೇಳಿದ್ದೆ, ಲೂನಾ ಅದನ್ನು ಕೇಳಿಸಿಕೊಂಡೇ ಮೊದಲ ಪ್ರಯತ್ನಕ್ಕೆ ಅಡ್ಡ ಬಂದದ್ದು ಅಂತ ಚೆಟ್ರಿ ಆಮೇಲೆ ಹೇಳಿದರು. ಅಷ್ಟೊತ್ತು ಕಳೆದ ಮೇಲೆ ಅದು ಕ್ವಿಕ್ ಹೇಗಾಗುತ್ತೆ, ವಿಷಲ್ ಆಗಲೇಬೇಕಿತ್ತು ಅನ್ನೋದು ಕೇರಳದವರ ವಾದ.

ಇಲ್ಲಿ ಗಮನಿಸಬೇಕಾದ್ದು, ಕೇರಳದವರ ಸಿಟ್ಟಿಗೆ ಒಂದು ಆಧಾರ ಇತ್ತು. ರೆಫರಿ ಮತ್ತು ಚೆಟ್ರಿ ನಡುವೆ ನಡೆದ ಮಾತು ಗ್ಯಾಲರಿಯಲ್ಲಿ ಕೂತವರಿಗೆ ಕೇಳೋದಿಲ್ಲ, ಟಿವಿ ನೋಡುವವರಿಗೂ ಕೇಳೋದಿಲ್ಲ. ಕಂಡದ್ದು ಇಷ್ಟೇ: ಕೀಪರ್ ಸಿದ್ಧವಿಲ್ಲ, ವಿಷಲ್ ಇಲ್ಲ, ಗೋಲ್ ಆಯ್ತು. ಕಾಣದ ಭಾಗವನ್ನು ಜನ ತಮ್ಮ ಅನುಮಾನದಿಂದ ತುಂಬಿಕೊಂಡರು. ಮರುಪಂದ್ಯ ಬೇಕು ಅನ್ನುವ ಕ್ಲಬ್‌ನ ಮನವಿಯನ್ನು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ ಶಿಸ್ತು ಸಮಿತಿ ತಳ್ಳಿಹಾಕಿತು. ಆ ತಿಂಗಳ ಕೊನೆಗೆ ಕ್ಲಬ್‌ಗೆ 4 ಕೋಟಿ ರೂಪಾಯಿ ದಂಡ, ಕೋಚ್‌ಗೆ 5 ಲಕ್ಷ ದಂಡ ಮತ್ತು 10 ಪಂದ್ಯಗಳ ನಿಷೇಧ. ಶಿಕ್ಷೆ ಆದದ್ದು ಮೈದಾನ ಬಿಟ್ಟು ಹೋದದ್ದಕ್ಕೆ. ಮಂಜಪ್ಪಡದ ಅಭಿಮಾನಿಗಳ ಪಾಲಿಗೆ ಮಾತ್ರ ಅದು 'ನಮ್ಮ ವಿರುದ್ಧ ಎಲ್ಲರೂ ಒಂದಾಗಿದ್ದಾರೆ' ಅನ್ನೋದಕ್ಕೆ ಇನ್ನೊಂದು ಸಾಕ್ಷಿ.

ನಮ್ಮ ಕಡೆಯವರು ಆಗ ಏನಂದರು? ನಿಯಮ ಓದ್ಕೊಂಡು ಬನ್ನಿ ಅಂದರು. ಸರಿ. ಅದಾಗಿ ಹದಿನೈದೇ ದಿನಕ್ಕೆ, ಮಾರ್ಚ್ 18ರಂದು, ಗೋವಾದ ಫತೋರ್ಡಾದಲ್ಲಿ ಫೈನಲ್. ಎಟಿಕೆ ಮೋಹನ್ ಬಾಗನ್ ವಿರುದ್ಧ ಬೆಂಗಳೂರು 2–1 ಮುಂದಿದೆ. 85ನೇ ನಿಮಿಷದಲ್ಲಿ ಕಿಯಾನ್ ನಸ್ಸಿರಿ ಬಿದ್ದರು, ರೆಫರಿ ಪೆನಾಲ್ಟಿ ಕೊಟ್ಟರು. ಕಾಲಿಗೆ ಕಾಲು ತಾಗಿದ್ದು ಬಾಕ್ಸ್ ಹೊರಗೆ ಅಂತ ನಮ್ಮವರೆಲ್ಲ ರೀಪ್ಲೇ ಹಿಡಿದು ಕೂಗಿದ್ದೇ ಕೂಗಿದ್ದು. ಪಂದ್ಯ 2–2 ಆಯಿತು, ಪೆನಾಲ್ಟಿ ಶೂಟೌಟ್‌ನಲ್ಲಿ 4–3ರಿಂದ ಸೋತೆವು. ಕ್ಲಬ್ ಮಾಲೀಕ ಪಾರ್ಥ್ ಜಿಂದಾಲ್ ಅವರೇ ಟ್ವೀಟ್ ಮಾಡಿ, ಲೀಗ್‌ಗೆ ವಿಎಆರ್, ಅಂದರೆ ವಿಡಿಯೊ ನೋಡಿ ರೆಫರಿಗೆ ನೆರವಾಗುವ ವ್ಯವಸ್ಥೆ ಬೇಕು ಅಂದರು. ಎರಡು ವಾರದ ಹಿಂದೆ ಕೇರಳದವರು ಹಾಡಿದ ರಾಗವನ್ನೇ ನಾವೂ ಎಳೆದೆವು.

ಅದೇ ಲೀಗ್, ಅದೇ ತಿಂಗಳು. ರೆಫರಿಗಳು ಬೆಂಗಳೂರಿನ ಪರ ಇದ್ದರಾ, ವಿರುದ್ಧ ಇದ್ದರಾ?

ವರ್ನಿಯರ್ ಕ್ಯಾಲಿಪರ್ ಪಾಠ

ಇಂಜಿನಿಯರಿಂಗ್ ಓದಿದವರಿಗೆಲ್ಲ ಮೊದಲ ವರ್ಷದ ಲ್ಯಾಬ್ ನೆನಪಿರುತ್ತೆ. ವರ್ನಿಯರ್ ಕ್ಯಾಲಿಪರ್ ಕೈಗೆ ಕೊಟ್ಟು ಕೇಳುವ ಮೊದಲ ಪ್ರಶ್ನೆ, ಜೀರೋ ಎರರ್ ಎಷ್ಟಿದೆ ನೋಡಿದ್ಯಾ? ಅಳತೆ ತಪ್ಪೋದರಲ್ಲಿ ಎರಡು ಬಗೆ. ಕೈ ನಡುಗಿ, ಕಣ್ಣು ತಪ್ಪಿ ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಬರೋದು ಒಂದು. ಸಾಧನವೇ ವಕ್ರವಾಗಿ, ಎಷ್ಟು ಸಲ ಅಳೆದರೂ ಒಂದೇ ಕಡೆಗೆ ವಾಲೋದು ಇನ್ನೊಂದು. ಮೊದಲನೆಯದನ್ನು ಒಂದೇ ರೀಡಿಂಗ್‌ನಿಂದ ಎರಡನೆಯದು ಅಂತ ಹೇಳಲು ಯಾರಿಗೂ ಆಗಲ್ಲ. ಹತ್ತಿಪ್ಪತ್ತು ರೀಡಿಂಗ್ ಬೇಕು, ಎಲ್ಲವನ್ನೂ ಬರೆದಿಡಬೇಕು.

ಅಭಿಮಾನಿಗಳು ಎಡವುವುದು ಇಲ್ಲೇ. ಸಿಗದ ಪೆನಾಲ್ಟಿ ಐದು ವರ್ಷವಾದರೂ ನೆನಪಿರುತ್ತೆ. ಪುಕ್ಕಟೆ ಸಿಕ್ಕ ಪೆನಾಲ್ಟಿ ಮಾರನೇ ದಿನಕ್ಕೆ ಮರೆತಿರುತ್ತೆ. ಇದು ಸುಮ್ಮನೆ ಹೇಳುವ ಮಾತಲ್ಲ. 1951ರಲ್ಲಿ ಅಮೆರಿಕದಲ್ಲಿ ಡಾರ್ಟ್‌ಮತ್ ಮತ್ತು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಗಳ ನಡುವೆ ಒಂದು ಪಂದ್ಯ ನಡೆಯಿತು (ಅವರ ಫುಟ್‌ಬಾಲ್, ಕೈಯಲ್ಲಿ ಹಿಡಿದು ಓಡುವುದು). ಒಬ್ಬನ ಮೂಗು ಮುರಿಯಿತು, ಇನ್ನೊಬ್ಬನ ಕಾಲು. ಹ್ಯಾಸ್ಟಾರ್ಫ್ ಮತ್ತು ಕ್ಯಾಂಟ್ರಿಲ್ ಎಂಬ ಮನಃಶಾಸ್ತ್ರಜ್ಞರು ಆ ಪಂದ್ಯದ ಫಿಲ್ಮನ್ನು ಎರಡೂ ಕಡೆಯ ವಿದ್ಯಾರ್ಥಿಗಳಿಗೆ ತೋರಿಸಿ, ಕಂಡ ತಪ್ಪುಗಳನ್ನು ಗುರುತು ಹಾಕಿ ಅಂದರು. ಡಾರ್ಟ್‌ಮತ್ ತಂಡ ಮಾಡಿದ ತಪ್ಪುಗಳು ಪ್ರಿನ್ಸ್‌ಟನ್‌ನವರಿಗೆ ಕಂಡದ್ದು ಡಾರ್ಟ್‌ಮತ್‌ನವರಿಗೆ ಕಂಡದ್ದರ ಎರಡರಷ್ಟಕ್ಕೂ ಹೆಚ್ಚು. ಫಿಲ್ಮ್ ಒಂದೇ. ಯಾರೂ ಸುಳ್ಳು ಹೇಳಿರಲಿಲ್ಲ, ಅವರಿಗೆ ಕಂಡದ್ದೇ ಹಾಗೆ.

ರೆಫರಿ ವಾಲುತ್ತಾರೆ, ಆದರೆ ಯಾವ ಕಡೆ?

ಹಾಗಂತ ರೆಫರಿಗಳು ಜೀರೋ ಎರರ್ ಇಲ್ಲದ ಸಾಧನಗಳಾ? ಅಲ್ಲ. ಇದರ ಬಗ್ಗೆ ಗಟ್ಟಿ ಸಂಶೋಧನೆಗಳಿವೆ, ಅವು ತೋರಿಸುವುದು ಒಂದೇ ದಿಕ್ಕು: ತವರು ತಂಡದ ಕಡೆ.

ಸ್ಪೇನ್‌ನ ಲೀಗ್ ಪಂದ್ಯಗಳನ್ನು ಗರಿಕಾನೊ ಮತ್ತು ಅವರ ಜೊತೆಗಾರರು ಅಧ್ಯಯನ ಮಾಡಿ 2005ರಲ್ಲಿ ಪ್ರಕಟಿಸಿದರು. ಪಂದ್ಯದ ಕೊನೆಗೆ ರೆಫರಿ ಸೇರಿಸುವ ನಿಮಿಷಗಳು ಪೂರ್ತಿ ಅವರ ಕೈಯಲ್ಲಿರುವ ವಿಷಯ. ತವರು ತಂಡ ಒಂದು ಗೋಲಿನಿಂದ ಹಿಂದಿದ್ದಾಗ ಸೇರಿಸಿದ ಸಮಯ, ಅದೇ ತಂಡ ಒಂದು ಗೋಲಿನಿಂದ ಮುಂದಿದ್ದಾಗ ಸೇರಿಸಿದ್ದಕ್ಕಿಂತ ಹತ್ತಿರಹತ್ತಿರ ದುಪ್ಪಟ್ಟು! ಇಂಗ್ಲೆಂಡ್‌ನಲ್ಲಿ ನೆವಿಲ್ ಮತ್ತಿತರರು 40 ಜನ ರೆಫರಿಗಳಿಗೆ ಲಿವರ್‌ಪೂಲ್–ಲೆಸ್ಟರ್ ಪಂದ್ಯದ ವಿಡಿಯೊ ತೋರಿಸಿದರು, ಅರ್ಧ ಜನಕ್ಕೆ ಪ್ರೇಕ್ಷಕರ ಗದ್ದಲದ ಜೊತೆ, ಉಳಿದವರಿಗೆ ಸದ್ದಿಲ್ಲದೆ. ಗದ್ದಲ ಕೇಳಿಸಿಕೊಂಡವರು ತವರು ತಂಡದ ವಿರುದ್ಧ ಶೇ 15.5ರಷ್ಟು ಕಡಿಮೆ ಫೌಲ್ ಕೊಟ್ಟರು. ಕೋವಿಡ್ ಕಾಲದಲ್ಲಿ ಖಾಲಿ ಸ್ಟೇಡಿಯಂಗಳಲ್ಲಿ ಆಡಿಸಿದಾಗ ಅತಿಥಿ ತಂಡಕ್ಕೇ ಹೆಚ್ಚು ಹಳದಿ ಕಾರ್ಡ್ ಬೀಳುವ ರೂಢಿಯೂ ತಗ್ಗಿತು.

ದುಡ್ಡಿಲ್ಲ, ಪಿತೂರಿಯಿಲ್ಲ. ಇಪ್ಪತ್ತು ಸಾವಿರ ಜನ ಒಟ್ಟಿಗೆ 'ಹೋ' ಅಂದಾಗ ಮನುಷ್ಯನ ತೀರ್ಮಾನ ಸ್ವಲ್ಪ ಅಲುಗುತ್ತೆ. ಕಂಠೀರವದ ವೆಸ್ಟ್ ಬ್ಲಾಕ್‌ನಲ್ಲಿ ನಿಂತು ನಾವು ಗಂಟಲು ಹರಿದುಕೊಳ್ಳುವುದು ಬರೀ ಆಟಗಾರರನ್ನು ಹುರಿದುಂಬಿಸಲಿಕ್ಕೆ ಅಂತ ಹೇಳಿದರೆ ಅದು ಅರ್ಧ ಸತ್ಯ. ಕೊಚ್ಚಿಯಲ್ಲಿ ಹಳದಿ ಜೆರ್ಸಿಯವರು ಮಾಡೋದೂ ಅದನ್ನೇ. ಅಂದ್ರೆ, ರೆಫರಿಯ ವಾಲಿಕೆಯಲ್ಲಿ ಅಭಿಮಾನಿಯದೂ ಒಂದು ಪಾಲಿದೆ.

ನಿಜವಾದ ಮೋಸ ಹೇಗಿರುತ್ತೆ

2004ರ ಆಗಸ್ಟ್. ಜರ್ಮನ್ ಕಪ್‌ನಲ್ಲಿ ಕೆಳ ದರ್ಜೆಯ ಪಾಡರ್‌ಬಾರ್ನ್ ವಿರುದ್ಧ ಹ್ಯಾಂಬರ್ಗ್ 2–0 ಮುಂದಿತ್ತು. ರೆಫರಿ ರಾಬರ್ಟ್ ಹಾಯ್ಟ್ಸರ್ ಪಾಡರ್‌ಬಾರ್ನ್‌ಗೆ ಎರಡು ಪೆನಾಲ್ಟಿ ಕೊಟ್ಟ, ಹ್ಯಾಂಬರ್ಗ್‌ನ ಒಬ್ಬನನ್ನು ಹೊರಗೆ ಕಳಿಸಿದ. ಹ್ಯಾಂಬರ್ಗ್ 4–2ರಿಂದ ಸೋತಿತು. ಬೆಟ್ಟಿಂಗ್ ಗುಂಪಿನಿಂದ ಅವನಿಗೆ ಸಿಕ್ಕದ್ದು 67,000 ಯೂರೊ ಮತ್ತು ಒಂದು ಪ್ಲಾಸ್ಮಾ ಟಿವಿ. ಹ್ಯಾಂಬರ್ಗ್ ಬಗ್ಗೆ ಅವನಿಗೆ ದ್ವೇಷವೇನೂ ಇರಲಿಲ್ಲ, ಬಾಜಿ ಯಾವ ಕಡೆ ಕಟ್ಟಿದ್ದರೋ ಆ ಕಡೆ ಊದಿದ. ಹಿಡಿದುಕೊಟ್ಟವರು ಅವನ ಸಹೋದ್ಯೋಗಿ ರೆಫರಿಗಳೇ. 2 ವರ್ಷ 5 ತಿಂಗಳು ಜೈಲು ಶಿಕ್ಷೆಯಾಯಿತು.

ಇಟಲಿಯದು ಬೇರೆ ಬಗೆ. 2006ರಲ್ಲಿ ಹೊರಬಂದ ಫೋನ್ ಸಂಭಾಷಣೆಗಳಲ್ಲಿ ಯುವೆಂಟಸ್‌ನ ಲುಚಾನೊ ಮೊಜ್ಜಿ, ಪಂದ್ಯಗಳಿಗೆ ರೆಫರಿಗಳನ್ನು ನೇಮಿಸುವ ಅಧಿಕಾರಿಗಳ ಜೊತೆ ಸಲುಗೆಯಿಂದ ಮಾತಾಡುತ್ತಿದ್ದದ್ದು ಬಯಲಾಯಿತು. ಯುವೆಂಟಸ್ ಎರಡು ಪ್ರಶಸ್ತಿ ಕಳೆದುಕೊಂಡು ಎರಡನೇ ದರ್ಜೆಗೆ ಇಳಿಯಿತು. ಅಲ್ಲಿ ರೋಗ ಇದ್ದದ್ದು ವಿಷಲ್ ಊದುವವನ ಬಾಯಲ್ಲಿ ಅಲ್ಲ, ಯಾರು ಊದಬೇಕು ಅಂತ ನಿರ್ಧರಿಸುವ ಕೋಣೆಯಲ್ಲಿ. ಸ್ಪೇನ್‌ನಲ್ಲಿ ಬಾರ್ಸಿಲೋನಾ ಕ್ಲಬ್ 2001ರಿಂದ 2018ರವರೆಗೆ ರೆಫರಿಗಳ ಸಮಿತಿಯ ಉಪಾಧ್ಯಕ್ಷ ನೆಗ್ರೇರಾಗೆ ಸೇರಿದ ಕಂಪನಿಗಳಿಗೆ ಸುಮಾರು 70 ಲಕ್ಷ ಯೂರೊ ಕೊಟ್ಟಿತ್ತು ಅನ್ನೋದು 2023ರಲ್ಲಿ ಸುದ್ದಿಯಾಯಿತು. ಅದು ತಾಂತ್ರಿಕ ವರದಿಗಳಿಗೆ ಕೊಟ್ಟ ಹಣ ಅಂತ ಕ್ಲಬ್ ಹೇಳಿದೆ, ತಪ್ಪನ್ನು ಅಲ್ಲಗಳೆದಿದೆ. ವಿಷಯ ನ್ಯಾಯಾಲಯದ ಮೆಟ್ಟಿಲೇರಿದೆ.

ಈ ಪ್ರಕರಣಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಅನ್ನಿಸುವುದು: ಸುಳಿವು ಸಿಕ್ಕಿದ್ದು ರೀಪ್ಲೇಯಲ್ಲಿ ಅಲ್ಲ. ಬ್ಯಾಂಕ್ ಖಾತೆಯಲ್ಲಿ, ಫೋನ್‌ನಲ್ಲಿ, ಬೆಟ್ಟಿಂಗ್ ಚೀಟಿಯಲ್ಲಿ ಸಿಕ್ಕಿತು. ಸ್ಲೋ ಮೋಷನ್‌ನಲ್ಲಿ ಹತ್ತು ಸಲ ನೋಡಿದರೆ ರೆಫರಿ ತಪ್ಪು ಮಾಡಿದ್ದು ಗೊತ್ತಾಗಬಹುದು, ಯಾಕೆ ಮಾಡಿದರು ಅನ್ನೋದು ಗೊತ್ತಾಗಲ್ಲ.

ಕ್ಯಾಮೆರಾ ಬಂದರೆ ಮುಗೀತಾ?

ಇಂಗ್ಲೆಂಡ್‌ನ ಪ್ರೀಮಿಯರ್ ಲೀಗ್‌ಗೆ 2019ರಲ್ಲಿ ವಿಎಆರ್ ಬಂತು. 2023ರ ಸೆಪ್ಟೆಂಬರ್ 30ರಂದು ಟಾಟನ್‌ಹ್ಯಾಮ್ ವಿರುದ್ಧ ಲಿವರ್‌ಪೂಲ್‌ನ ಲೂಯಿಸ್ ದಿಯಾಸ್ ಹೊಡೆದ ಸರಿಯಾದ ಗೋಲನ್ನು ಮೈದಾನದಲ್ಲಿ ಆಫ್‌ಸೈಡ್ ಅಂದಿದ್ದರು. ವಿಡಿಯೊ ಕೋಣೆಯಲ್ಲಿ ಕೂತವರು ಮೈದಾನದಲ್ಲಿ ಗೋಲ್ ಕೊಟ್ಟಿದ್ದಾರೆ ಅಂದುಕೊಂಡು 'ಪರಿಶೀಲನೆ ಮುಗಿಯಿತು' ಅಂದುಬಿಟ್ಟರು. ಆಟ ಮತ್ತೆ ಶುರುವಾಗಿತ್ತು, ಹಿಂದಕ್ಕೆ ಹೋಗುವ ಹಾಗಿರಲಿಲ್ಲ. ಅದೇ ವಾರ ಆ ಕೋಣೆಯಲ್ಲಿದ್ದವರು ಯುಎಇಗೆ ಹೋಗಿ ಪಂದ್ಯ ನಡೆಸಿ ಬಂದಿದ್ದರು. ಮ್ಯಾಂಚೆಸ್ಟರ್ ಸಿಟಿಯ ಮಾಲೀಕರು ಅಬುಧಾಬಿಯವರು. ಸರಿ, ಕತೆ ಕಟ್ಟೋದಕ್ಕೆ ಇನ್ನೇನು ಬೇಕು?

ಆದರೆ ರೆಫರಿಗಳ ಸಂಸ್ಥೆ ಕೆಲವೇ ದಿನಗಳಲ್ಲಿ ಆ ಕೋಣೆಯ ಧ್ವನಿಮುದ್ರಣವನ್ನೇ ಹೊರಬಿಟ್ಟಿತು. ತಪ್ಪು ಅರಿವಾದ ಕ್ಷಣದಲ್ಲಿ ಅವರು ಗಾಬರಿಯಾಗಿ ಒದ್ದಾಡುವುದು ಅದರಲ್ಲಿ ಕೇಳುತ್ತೆ. ಕೇಳಿದ ಮೇಲೆ ಸಿಟ್ಟೇನೂ ಕಮ್ಮಿಯಾಗಲಿಲ್ಲ. ಆದರೆ ಪಿತೂರಿ ಅನ್ನುವ ಮಾತಿಗಿಂತ ಎಡವಟ್ಟು ಅನ್ನುವ ಮಾತು ಹೆಚ್ಚು ನಂಬುವಂತಾಯಿತು. ಮುಂದಿನ ವರ್ಷ ವಿಎಆರ್ ಕಿತ್ತುಹಾಕಿ ಅಂತ ವುಲ್ವ್ಸ್ ಕ್ಲಬ್ ಮತಕ್ಕೆ ಹಾಕಿಸಿದಾಗ ಅದರ ಪರ ಬಿದ್ದದ್ದು ಒಂದೇ ಓಟು, ವಿರುದ್ಧ 19.

ಅನುಮಾನಕ್ಕೆ ಬೆಲೆ ತೆರುವವರು ಯಾರು ಅನ್ನೋದನ್ನೂ ನೋಡಬೇಕು. 2025ರ ಏಪ್ರಿಲ್‌ನಲ್ಲಿ, ಬಾರ್ಸಿಲೋನಾ–ರಿಯಲ್ ಮ್ಯಾಡ್ರಿಡ್ ನಡುವಿನ ಸ್ಪ್ಯಾನಿಷ್ ಕಪ್ ಫೈನಲ್‌ನ ಹಿಂದಿನ ದಿನ, ರೆಫರಿ ದೆ ಬುರ್ಗೋಸ್ ಬೆಂಗೊಏಚಿಯಾ ಪತ್ರಕರ್ತರ ಮುಂದೆ ಕಣ್ಣೀರಿಟ್ಟರು. ನಿಮ್ಮಪ್ಪ ಕಳ್ಳ ಅಂತ ಶಾಲೆಯಲ್ಲಿ ಮಗನಿಗೆ ಹೇಳುತ್ತಾರೆ, ಅವನು ಅಳುತ್ತಾ ಮನೆಗೆ ಬರುತ್ತಾನೆ ಅಂದರು. ರಿಯಲ್ ಮ್ಯಾಡ್ರಿಡ್‌ನ ಸ್ವಂತ ಟಿವಿ ಚಾನೆಲ್ ಪಂದ್ಯಕ್ಕೆ ಮೊದಲೇ ರೆಫರಿಗಳ ಹಳೇ ತಪ್ಪುಗಳ ವಿಡಿಯೊ ಮಾಡಿ ಹಾಕುವುದು ರೂಢಿಯಾಗಿತ್ತು, ಇವರ ಬಗ್ಗೆಯೂ ಹಾಕಿತ್ತು. ಅಭಿಮಾನಿಯ ಗೊಣಗಾಟ ಒಂದು, ಸಾವಿರಾರು ಕೋಟಿಯ ಕ್ಲಬ್ ಅದನ್ನೇ ಕಾರ್ಯಕ್ರಮ ಮಾಡಿ ಪ್ರಸಾರ ಮಾಡೋದು ಇನ್ನೊಂದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಭಾರತದ ಮಟ್ಟಿಗೆ ನನ್ನ ಅಭಿಪ್ರಾಯ ಸರಳ. ದುಬಾರಿ ಕ್ಯಾಮೆರಾಗಳು ಬರೋ ತನಕ ಕಾಯಬೇಕಾಗಿಲ್ಲ. ಯಾವ ಪಂದ್ಯಕ್ಕೆ ಯಾವ ರೆಫರಿ, ಯಾವ ಲೆಕ್ಕದಲ್ಲಿ ಹಾಕಿದರು ಅಂತ ಹೇಳೋದಕ್ಕೆ ಕ್ಯಾಮೆರಾ ಬೇಡ. ದೊಡ್ಡ ವಿವಾದವಾದಾಗ ರೆಫರಿಯ ವಿವರಣೆಯನ್ನು ಎರಡು ದಿನದೊಳಗೆ ಪ್ರಕಟಿಸೋದಕ್ಕೂ ಬೇಡ. ಕಂಠೀರವದಲ್ಲಿ ಚೆಟ್ರಿ ಏನು ಕೇಳಿದರು, ರೆಫರಿ ಏನಂದರು ಅನ್ನೋದನ್ನು ಫೆಡರೇಷನ್ ಆ ರಾತ್ರಿಯೇ ಹೇಳಿದ್ದರೆ ಕೇರಳದವರು ಒಪ್ಪುತ್ತಿದ್ದರು ಅಂತಲ್ಲ, ಆದರೆ ಜಗಳ ನಿಯಮದ ಬಗ್ಗೆ ಇರುತ್ತಿತ್ತು, ರೆಫರಿಯ ನಿಯತ್ತಿನ ಬಗ್ಗೆ ಅಲ್ಲ. ಫೆಡರೇಷನ್ ಅಧ್ಯಕ್ಷ ಕಲ್ಯಾಣ್ ಚೌಬೆ 2023ರಲ್ಲಿ ಕಡಿಮೆ ಖರ್ಚಿನ 'ವಿಎಆರ್ ಲೈಟ್' ತರುವ ಮಾತಾಡಿದ್ದರು. 2025ರ ಏಪ್ರಿಲ್‌ನಲ್ಲಿ ಐಎಸ್‌ಎಲ್ ಫೈನಲ್‌ಗೆ ಬೆಂಗಳೂರು ಮತ್ತು ಮೋಹನ್ ಬಾಗನ್ ಮತ್ತೆ ಎದುರುಬದುರಾದವು. ಆಗಲೂ ವಿಎಆರ್ ಇರಲಿಲ್ಲ. ನಾವು ಮತ್ತೆ ಸೋತೆವು, 2–1, ಹೆಚ್ಚುವರಿ ಸಮಯದಲ್ಲಿ.